ಹೆರದೆ ತಾಯಾದ ಮೇಡಂ

ಸಾವಿತ್ರಿಬಾಯಿ ಫುಲೆ ಎಂದರೆ ನಮಗೆ ಮೊದಲು ನೆನಪಾಗುವುದು ಶಾಲೆ. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಶುರುವಾಯಿತು. ದಾರಿಯಲ್ಲಿ ಜನ ಸಗಣಿ, ಕೆಸರು ಎರಚುತ್ತಿದ್ದರೆಂದು ಆಕೆ ಇನ್ನೊಂದು ಸೀರೆ ಜೊತೆಗಿಟ್ಟುಕೊಂಡೇ ಹೊರಡುತ್ತಿದ್ದರಂತೆ. ಆದರೆ ಹಳ್ಳಿಶಾಲೆಯಲ್ಲಿ ಪಾಠ ಹೇಳುತ್ತಲೇ ಮಕ್ಕಳನ್ನು ಬೆಳೆಸಿದ ನನಗೆ ಅವರ ತಾಯ್ತನವೇ ಹೆಚ್ಚು ಹತ್ತಿರ.

ಅವರಿಗೆ ಹೆತ್ತ ಮಕ್ಕಳಿರಲಿಲ್ಲ. ಆ ಕಾಲದಲ್ಲಿ ಬ್ರಾಹ್ಮಣ ವಿಧವೆ ಬಸುರಾದರೆ ಬಾವಿಗೆ ಬೀಳಬೇಕು, ಇಲ್ಲವೇ ಹುಟ್ಟಿದ ಕೂಸಿನ ಕತ್ತು ಹಿಸುಕಬೇಕು. ಫುಲೆ ದಂಪತಿ ಅಂಥವರಿಗೆ ಬಾಗಿಲು ತೆರೆದರು: ಗುಟ್ಟಾಗಿ ಬಂದು ಹೆರಬಹುದು, ಬೇಕಾದರೆ ಮಗುವನ್ನು ಬಿಟ್ಟು ಹೋಗಬಹುದು. ಹಾಗೆ ಬಂದವಳೊಬ್ಬಳ ಮಗನನ್ನೇ ದತ್ತು ತೆಗೆದುಕೊಂಡರು. ಅವನೇ ಯಶವಂತ. ಜಾತಿ ಕೇಳಿ ಎದೆಗಪ್ಪಿಕೊಳ್ಳುವ ಲೋಕದಲ್ಲಿ ಇದು ಶಾಲೆ ತೆರೆದಷ್ಟೇ ದೊಡ್ಡ ಕೆಲಸ ಎನ್ನುತ್ತೇನೆ ನಾನು. ಅವನನ್ನು ಓದಿಸಿ ಡಾಕ್ಟರನ್ನಾಗಿ ಮಾಡಿದರು.

1890ರಲ್ಲಿ ಪತಿ ಜ್ಯೋತಿರಾವ್ ತೀರಿಕೊಂಡಾಗ, ಗಂಡಸರೇ ಹಿಡಿಯಬೇಕೆನ್ನುತ್ತಿದ್ದ ಮಡಕೆ ಹಿಡಿದು ಶವದ ಮುಂದೆ ನಡೆದವರು ಸಾವಿತ್ರಿಬಾಯಿಯೇ.

1897ರಲ್ಲಿ ಪುಣೆಯನ್ನು ಪ್ಲೇಗ್ ಆವರಿಸಿತು. ಊರಾಚೆ ಯಶವಂತ ರೋಗಿಗಳನ್ನು ನೋಡುತ್ತಿದ್ದರೆ, ಅರವತ್ತು ದಾಟಿದ್ದ ತಾಯಿ ಅವರನ್ನು ಕರೆತರುತ್ತಿದ್ದರು. ಮುಂಢವಾ ಎಂಬ ಊರಿನಿಂದ ದಲಿತ ಹುಡುಗನೊಬ್ಬನನ್ನು ಬೆನ್ನಮೇಲೆ ಹೊತ್ತು ತಂದರು. ಸೋಂಕು ಅವರಿಗೂ ತಗುಲಿತು. ಮಾರ್ಚ್ 10ರಂದು ಕಣ್ಮುಚ್ಚಿದರು.

ಪ್ರತಿ ವರ್ಷ ಅವರು ಹುಟ್ಟಿದ ದಿನವಾದ ಜನವರಿ 3ರಂದು ಶಾಲೆಗಳಲ್ಲಿ ಅವರ ಪಟಕ್ಕೆ ಹಾರ ಹಾಕುತ್ತೇವೆ. ಟೀಚರ್‌ಗಳೇ, ಅಂದು ಮಕ್ಕಳಿಗೆ ಯಶವಂತನ ಕತೆಯನ್ನೂ ಹೇಳಿ.