ಚಾವಣಿಯಂಚಿನ ಕಾರ್ನಿಸ್: ಆಯ್ಕೆ, ಜೋಡಣೆ ಮತ್ತು ಲೆಕ್ಕ

ಸಿಮೆಂಟು, ಕಬ್ಬಿಣ, ಇಟ್ಟಿಗೆಗಳ ದರವನ್ನು ನಾಲ್ಕು ಕಡೆ ವಿಚಾರಿಸಿ ಖರೀದಿಸುವ ನಮ್ಮ ವ್ಯಾಪಾರಿ ಬಂಧುಗಳು ಮನೆಯ ಕೆಲಸ ಕೊನೆಯ ಹಂತಕ್ಕೆ ಬಂದಾಗ ಮಾತ್ರ ಕೈ ಸಡಿಲ ಬಿಡುತ್ತಾರೆ. ವಾಸ್ತುಶಾಂತಿಯ ಮುಹೂರ್ತ ಹತ್ತಿರ ಬಂದಿರುತ್ತದೆ. ಇಷ್ಟೆಲ್ಲ ಖರ್ಚಾದ ಮೇಲೆ ಇದೇನು ಮಹಾ ಎಂಬ ಭಾವನೆಯೂ ಇರುತ್ತದೆ. ಗೋಡೆ ಮತ್ತು ಚಾವಣಿ ಕೂಡುವ ಅಂಚಿಗೆ ಹಾಕಿಸುವ ಅಲಂಕಾರದ ಪಟ್ಟಿ, ಅಂದರೆ ನಾವು ಕಾರ್ನಿಸ್ ಅಥವಾ ಪಿ.ಓ.ಪಿ. ಪಟ್ಟಿ ಎಂದು ಕರೆಯುವ ಕೆಲಸ, ಇಂಥ ಸಮಯದಲ್ಲಿಯೇ ಬರುತ್ತದೆ.

ಈ ಲೇಖನಕ್ಕೆ ನನ್ನದೇ ತಪ್ಪು ಕಾರಣ. ಝಳಕಿಯಲ್ಲಿರುವ ನಮ್ಮ ಮನೆಯ ಮೂರು ಕೋಣೆಗಳಿಗೆ ಕೆಲ ವರ್ಷಗಳ ಹಿಂದೆ ಕಾರ್ನಿಸ್ ಹಾಕಿಸಿದೆ. ಕೋಣೆಗೆ ಇಷ್ಟು ಎಂದು ಬಾಯಿಮಾತಿನಲ್ಲಿ ಗೊತ್ತುಪಡಿಸಿ, ಕೆಲಸ ಮುಗಿದ ದಿನವೇ ಪೂರ್ತಿ ಹಣವನ್ನು ನಗದಾಗಿ ಕೊಟ್ಟೆ. ಎರಡನೆಯ ಮಳೆಗಾಲದ ಒಂದು ಬೆಳಗಿನ ಜಾವ ಸುಮಾರು ನಾಲ್ಕು ಅಡಿಯ ತುಂಡು ಕಳಚಿ ತಾಯಿಯವರ ತಲೆದಿಂಬಿನ ಮೇಲೆ ಬಿದ್ದಿತು. ಅವರು ಸ್ನಾನಕ್ಕೆ ಎದ್ದು ಹೋಗಿದ್ದರಿಂದ ಅನಾಹುತ ತಪ್ಪಿತು. ಪಟ್ಟಿ ಕೂಡಿಸಿದವನನ್ನು ಕರೆಸಿದರೆ ಆತ ಸ್ಲ್ಯಾಬ್ ಸೋರುತ್ತಿದೆ ಎಂದ. ಸ್ಲ್ಯಾಬ್ ಹಾಕಿದವನನ್ನು ಕೇಳಿದರೆ ಪಟ್ಟಿ ಕೂಡಿಸಿದ್ದೇ ಸರಿಯಿಲ್ಲ ಎಂದ. ಹೊಣೆ ಯಾರದೆಂದು ತೋರಿಸುವ ಒಂದು ಚೀಟಿಯೂ ನನ್ನ ಬಳಿ ಇರಲಿಲ್ಲ. ಇಪ್ಪತ್ತೈದು ವರ್ಷಗಳಿಂದ ಕಕ್ಷಿದಾರರಿಗೆ ಬಿಲ್ ಎಲ್ಲಿ, ಕರಾರು ಎಲ್ಲಿ ಎಂದು ಕೇಳುತ್ತ ಬಂದವನ ಸ್ಥಿತಿ ಇದಾಗಿತ್ತು.

ಮೊದಲು ಚಾವಣಿಯ ಪರೀಕ್ಷೆ

ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬುದು ಜಿಪ್ಸಮ್ ಖನಿಜವನ್ನು ಕಾಯಿಸಿ ಅದರೊಳಗಿನ ನೀರಿನ ಮುಕ್ಕಾಲು ಭಾಗವನ್ನು ತೆಗೆದ ಪುಡಿ. ಮತ್ತೆ ನೀರು ಸೇರಿದಾಗ ಅದು ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾದ ಮೇಲೆ ಸತತವಾಗಿ ತೇವ ತಾಗಿದರೆ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಪಟ್ಟಿಯ ವಿಚಾರಕ್ಕೆ ಮೊದಲು ಮಾಳಿಗೆಯ ಮೇಲೆ ಒಡ್ಡು ಕಟ್ಟಿ ಒಂದೆರಡು ದಿನ ನೀರು ನಿಲ್ಲಿಸಿ, ಕೆಳಗೆ ಕಲೆ ಮೂಡುವುದೇ ಎಂದು ನೋಡಬೇಕು. ಕಲೆ ಕಂಡರೆ ಸ್ಲ್ಯಾಬಿನ ದುರಸ್ತಿಯೇ ಮೊದಲು.

ಎರಡನೆಯದು ಬಿರುಕು. ನಮ್ಮ ಭಾಗದ ಎರೆ ಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ತಳಪಾಯ ಆಳವಿಲ್ಲದ ಗೋಡೆಗಳು ಅದರೊಂದಿಗೆ ಕದಲುತ್ತವೆ. ಸ್ಲ್ಯಾಬ್ ಮತ್ತು ಗೋಡೆಯ ನಡುವಿನ ಕೂದಲೆಳೆಯ ಸಂದನ್ನು ಕಾರ್ನಿಸ್ ಅಂದವಾಗಿ ಮುಚ್ಚುತ್ತದೆ ಎಂಬುದು ನಿಜ. ಆದರೆ ಬೆಳೆಯುತ್ತಿರುವ ಬಿರುಕನ್ನು ಅದು ತಡೆಯಲಾರದು. ಬಿರುಕಿನ ಮೇಲೆ ತೆಳುವಾಗಿ ಪ್ಲಾಸ್ಟರ್ ಮೆತ್ತಿ ದಿನಾಂಕ ಬರೆದಿಡಿ. ಮಳೆಗಾಲದಿಂದ ಬೇಸಿಗೆಯವರೆಗೆ ಅದು ಸೀಳದಿದ್ದರೆ ಮುಂದುವರಿಯಬಹುದು. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮಣ್ಣು ಉದುರುವುದರಿಂದ ಭಾರದ ಪಟ್ಟಿ ಹಾಕಿಸದಿರುವುದೇ ಲೇಸು.

ವಸ್ತುವಿನ ಆಯ್ಕೆ

ಪಿ.ಓ.ಪಿ. ಪಟ್ಟಿಯನ್ನು ಸ್ಥಳದಲ್ಲಿಯೇ ಅಚ್ಚು ಎಳೆದು ಮಾಡಬಹುದು, ಅಥವಾ ನಾರು ಸೇರಿಸಿ ಮೊದಲೇ ಎರೆದದ್ದನ್ನು ತಂದು ಕೂಡಿಸಬಹುದು. ನಾಜೂಕಾದ ನಕಾಶೆ ಇದರಲ್ಲಿ ಸಾಧ್ಯ, ಬೆಂಕಿಯ ಭಯ ಕಡಿಮೆ. ಆದರೆ ಭಾರ ಹೆಚ್ಚು. ಥರ್ಮೊಕೋಲ್ ಪಟ್ಟಿ ಹಗುರ ಮತ್ತು ಅಗ್ಗ. ಆದರೆ ಅದು ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಅಡಿಗೆ ಮನೆಗೂ ದೇವರ ಕೋಣೆಗೂ ಸಲ್ಲದು. ಥಿನ್ನರ್ ಬೆರೆತ ಅಂಟು ಅಥವಾ ಬಣ್ಣ ತಾಗಿದರೆ ಅದು ಕರಗಿಯೂ ಹೋಗುತ್ತದೆ. ಪಾಲಿಯುರೆಥೇನ್ ಪಟ್ಟಿ ಹಗುರ, ತೇವಕ್ಕೆ ಅಂಜದು, ಬೆಲೆ ಅಧಿಕ. ಎಂ.ಡಿ.ಎಫ್. ಪಟ್ಟಿ ತೇವ ತಾಗಿದರೆ ಉಬ್ಬುತ್ತದೆ. ಪುಡಿ ಕೊಳ್ಳುವವರು ಚೀಲದ ಮೇಲೆ ತಯಾರಿಕೆಯ ದಿನಾಂಕವನ್ನೂ, ಜಿಪ್ಸಮ್ ಪ್ಲಾಸ್ಟರಿಗೆ ಸಂಬಂಧಿಸಿದ ಐ.ಎಸ್. 2547 ಮಾನಕದ ಉಲ್ಲೇಖವನ್ನೂ ನೋಡಬೇಕು. ಹಳೆಯ ಪುಡಿ ಸರಿಯಾಗಿ ಕಟ್ಟುವುದಿಲ್ಲ.

ಅಗಲದ ವಿಷಯದಲ್ಲಿ ಅತಿಯಾಸೆ ಬೇಡ. ಒಂಬತ್ತು ಹತ್ತು ಅಡಿ ಎತ್ತರದ ಸಾಮಾನ್ಯ ಕೋಣೆಗೆ ಮೂರರಿಂದ ಐದು ಅಂಗುಲ ಸಾಕು. ಅದಕ್ಕೂ ಅಗಲವಾದರೆ ಚಾವಣಿ ಕೆಳಗಿಳಿದಂತೆ ತೋರುತ್ತದೆ.

ಅಳತೆ ಮತ್ತು ಜೋಡಣೆ

12 ಅಡಿ ಅಗಲ, 14 ಅಡಿ ಉದ್ದದ ಕೋಣೆಯ ಸುತ್ತಳತೆ 52 ಅಡಿ. ಗಿಲಾಯಿಯ ಲೆಕ್ಕದಲ್ಲಿ ಮಾಡುವಂತೆ ಬಾಗಿಲು, ಕಿಟಕಿಗಳನ್ನು ಇಲ್ಲಿ ಕಳೆಯಬಾರದು. ಪಟ್ಟಿ ಅವುಗಳ ಮೇಲೆ ಹಾಯುತ್ತದೆ. ಮೂಲೆ ಕತ್ತರಿಸುವಾಗಿನ ನಷ್ಟಕ್ಕೆ ಶೇಕಡಾ 10 ಸೇರಿಸಿದರೆ 57 ಅಡಿಗಿಂತ ತುಸು ಹೆಚ್ಚು. ಎಂಟು ಅಡಿಯ ಪಟ್ಟಿಗಳಾದರೆ ಏಳು ಸಾಲವು, ಎಂಟು ಬೇಕು. ಎಲ್ಲವನ್ನೂ ಒಮ್ಮೆಲೇ ಕೊಳ್ಳಿರಿ. ಆಮೇಲೆ ತಂದದ್ದು ಬಣ್ಣದಲ್ಲಿಯೋ ಅಚ್ಚಿನಲ್ಲಿಯೋ ಕೂಡದಿರಬಹುದು.

ಗೋಡೆಯ ಗಿಲಾಯಿ ಪೂರ್ತಿ ಒಣಗಿರಬೇಕು. ಹಳೆಯ ಸುಣ್ಣ, ಡಿಸ್ಟೆಂಪರ್ ಇದ್ದರೆ ಪಟ್ಟಿ ಕೂಡುವಷ್ಟು ಭಾಗವನ್ನು ಕೆರೆದು ಒರಟು ಮಾಡಿಸಬೇಕು. ಇಲ್ಲವಾದರೆ ಅಂಟು ಹಿಡಿಯುವುದು ಬಣ್ಣವನ್ನೇ ಹೊರತು ಗೋಡೆಯನ್ನಲ್ಲ. ರಸಮಟ್ಟದಿಂದ ಮಟ್ಟ ನೋಡಿ ಸುತ್ತಲೂ ದಾರದ ಗೆರೆ ಹೊಡೆಸಿ. ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತಿಸಿದಾಗ ಅವೆರಡರ ಅಂತರ 5 ಅಡಿ ಬಂದರೆ ಮೂಲೆ ನೇರವಾಗಿದೆ, 45 ಅಂಶಕ್ಕೆ ಕತ್ತರಿಸಿದ ತುಂಡುಗಳು ಕೂಡುತ್ತವೆ. ಹಾಗೆ ಬಾರದಿದ್ದರೆ ಮೊದಲು ಚೂರು ತುಂಡುಗಳಲ್ಲಿ ಕತ್ತರಿಸಿ ನೋಡಬೇಕು. ಕೆಲಸ ಮೂಲೆಗಳಿಂದ ಆರಂಭವಾಗಲಿ. ಭಾರದ ಪಟ್ಟಿಗೆ ಅಂಟನ್ನಷ್ಟೇ ನಂಬದೆ ಗಿಟಕು ಕೂಡಿಸಿ ಸ್ಕ್ರೂ ಹಾಕಿಸಿ. ರಂಧ್ರ ಕೊರೆಯುವ ಮುನ್ನ ವಿದ್ಯುತ್ ಪೈಪು ಎಲ್ಲಿದೆ ಎಂದು ತಿಳಿಯಿರಿ. ಪುಡಿಯನ್ನು ಸ್ವಲ್ಪ ಸ್ವಲ್ಪವೇ ಕಲಸಬೇಕು. ಕಟ್ಟತೊಡಗಿದ ಮೇಲೆ ಮತ್ತೆ ನೀರು ಹಾಕಿ ಕಲಸಿದರೆ ಅದಕ್ಕೆ ಬಲವಿರುವುದಿಲ್ಲ. ಸಂದುಗಳು ಒಣಗಿದ ನಂತರವೇ ಬಣ್ಣ.

ಕರಾರು ಮತ್ತು ಖಾತೆ

ದರವನ್ನು ಕೋಣೆಯ ಲೆಕ್ಕದಲ್ಲಿ ಹೇಳದೆ ರನ್ನಿಂಗ್ ಫೂಟ್ ಲೆಕ್ಕದಲ್ಲಿ ಗೊತ್ತುಪಡಿಸಿ. ಪಟ್ಟಿಯ ಅಗಲ, ನಮೂನೆ, ಮೂಲೆಗಳ ಕೆಲಸ, ಸಾಗಣೆ, ಒಡೆದ ಮಾಲಿನ ನಷ್ಟ, ಬಣ್ಣ ಇವು ಯಾರ ಪಾಲಿಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಹತ್ತನೆಯ ಒಂದು ಭಾಗವನ್ನು ಮೊದಲ ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತೂ ಇರಲಿ. ಇದು ಕೆಲಸಗಾರನ ಮೇಲಿನ ಅವಿಶ್ವಾಸವಲ್ಲ. ಸ್ಲ್ಯಾಬ್ ಸೋರಿದರೆ ದೋಷ ತನ್ನದಲ್ಲವೆಂದು ತೋರಿಸಲು ಅವನಿಗೂ ಅದೇ ಹಾಳೆ ಆಧಾರ.

ಮನೆಯ ಖರ್ಚನ್ನು ಅಂಗಡಿಯ ಪುಸ್ತಕದಲ್ಲಿ ದುರಸ್ತಿ ಎಂದು ಬರೆಯುವ ರೂಢಿ ಅಪಾಯಕಾರಿ. ಅದು ಮಾಲಿಕರ ಸ್ವಂತ ಖರ್ಚಿನ ಖಾತೆಗೆ ಸೇರಬೇಕು. ಸ್ವಂತ ಬಳಕೆಯ ಸರಕಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗದೆಂದು 2017ರ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ ಕಲಂ 17(5) ಸ್ಪಷ್ಟವಾಗಿ ಹೇಳುತ್ತದೆ. ಅಂಗಡಿಗೇ ಕಾರ್ನಿಸ್ ಹಾಕಿಸಿದರೂ, ಆ ವೆಚ್ಚವನ್ನು ಕಟ್ಟಡದ ಬಂಡವಾಳಕ್ಕೆ ಸೇರಿಸಿದಷ್ಟರ ಮಟ್ಟಿಗೆ ಕ್ರೆಡಿಟ್ ಇಲ್ಲ. ವ್ಯಾಪಾರದ ವೆಚ್ಚವಾದರೆ ಒಬ್ಬರಿಗೆ ಒಂದು ದಿನ ರೂ. 10,000 ಮೀರಿ ನಗದು ಕೊಡಬಾರದು. ಮನೆಯ ಬಿಲ್ಲುಗಳನ್ನೂ ಎಸೆಯಬೇಡಿ. ಮುಂದೆ ಮನೆ ಮಾರಿದಾಗ ಬಂಡವಾಳ ಲಾಭದಿಂದ ಕಟ್ಟಡದ ವೆಚ್ಚವನ್ನು ಕಳೆಯಲು ಅವೇ ಸಾಕ್ಷಿ.

ವಿಜಯಪುರದ ಹಳೆಯ ಲೆಕ್ಕ

ಕಾರ್ನಿಸ್ ನಮ್ಮ ಜಿಲ್ಲೆಗೆ ಹೊಸದಲ್ಲ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಸುಮಾರು ನಲವತ್ತು ಅಡಿ ಚದರದ ಸಮಾಧಿ ಕೋಣೆಯ ಕಲ್ಲಿನ ಚಾವಣಿ ನಡುವೆ ಸಪಾಟಾಗಿದ್ದು, ನಾಲ್ಕೂ ಗೋಡೆಗಳಿಂದ ಬಾಗಿ ಬಂದ ಅಂಚಿನ ಮೇಲೆ ನಿಂತಿದೆ. ಅಲ್ಲಿ ಆ ಬಾಗು ಅಲಂಕಾರವಷ್ಟೇ ಅಲ್ಲ, ಭಾರವನ್ನೂ ಹೊರುತ್ತದೆ. ಹದಿನೇಳನೆಯ ಶತಮಾನದ ಆ ಕಟ್ಟಡದ ಪಾರ್ಸಿ ಶಾಸನವು ಮಲಿಕ್ ಸಂದಲನ ಹೆಸರಿನೊಂದಿಗೆ ತಗುಲಿದ ವೆಚ್ಚವನ್ನೂ ಹೇಳುತ್ತದೆ: ಒಂದೂವರೆ ಲಕ್ಷ ಹೊನ್ನು, ಅದರ ಮೇಲೆ ಒಂಬೈನೂರು. ಅಷ್ಟು ದೊಡ್ಡ ಮೊತ್ತದಲ್ಲಿಯೂ ಮೇಲಿನ ಒಂಬೈನೂರನ್ನು ಬಿಡದೆ ಬರೆಸಿದ್ದಾರೆ.

ನಾನು ಸ್ಲ್ಯಾಬ್ ದುರಸ್ತಿ ಮಾಡಿಸಿ, ಒಂದು ಮಳೆಗಾಲ ಕಾದು, ಎರಡು ಕೋಣೆಗಳಿಗೆ ಮತ್ತೆ ಪಟ್ಟಿ ಹಾಕಿಸಿದೆ. ಕರಾರಿನ ಹಾಳೆ, ಬಿಲ್ಲುಗಳು ಕಡತದಲ್ಲಿವೆ. ತಾಯಿಯವರ ಕೋಣೆಗೆ ಮಾತ್ರ ಅವರ ಇಚ್ಛೆಯಂತೆ ಏನನ್ನೂ ಹಾಕಿಸಿಲ್ಲ.