ಚಲಿಸುವ ಚುಕ್ಕೆಗಳ ಜಾತಕ

ಪಂಚಾಂಗದಲ್ಲಿ ಕಾಣದ ಚುಕ್ಕೆಗಳು ಇಂದು ನಮ್ಮ ಆಕಾಶದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಇವೆ. ಅವುಗಳಿಗೂ ಉದಯಾಸ್ತಗಳುಂಟು, ಗತಿಯುಂಟು, ಕೆಲವಕ್ಕೆ ಅಕಾಲಮರಣವೂ ಉಂಟು; ಆದರೆ ರೋಹಿಣಿ, ಮೃಗಶಿರೆಗಳ ಮಳೆ ನೋಡಿ ಬಿತ್ತುವ ನಮ್ಮ ರೈತನಿಗೆ ಅವುಗಳ ಗೊಡವೆ ಇಲ್ಲ. ಮನುಷ್ಯನೇ ಹಾರಿಸಿದ ಕೃತಕ ಉಪಗ್ರಹಗಳ ಮಾತಿದು. ಅವುಗಳ ಲೆಕ್ಕವನ್ನು ದೊಡ್ಡ ರಾಷ್ಟ್ರಗಳು ಬರೆದಿಡುತ್ತವೆ. ಆ ಲೆಕ್ಕವನ್ನು ತಮ್ಮ ಅಂಗಳದಿಂದಲೇ ತಾಳೆ ನೋಡುವ ಹವ್ಯಾಸಿಗಳ ಸಣ್ಣದೊಂದು ಬಳಗವೂ ಜಗತ್ತಿನಲ್ಲಿದೆ. ಕಲಘಟಗಿ ತಾಲೂಕಿನ ತಂಬೂರಿನಲ್ಲಿ ಕುಳಿತು, ಆ ಬಳಗದ ತೀರ ಹಿಂದಿನ ಸಾಲಿನವನಾಗಿ ನಾನು ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ತಂಬೂರ ಅರೆಮಲೆನಾಡಿನ ಊರು. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯ ಬಯಲು ಮೂಡಲಲ್ಲಿ ಉಳಿಯಿತು. ಇಲ್ಲಿ ಭತ್ತದ ಗದ್ದೆ, ಕೆರೆ, ಪಡುವಲಿಗೆ ಕಾಡಿನ ಅಂಚು. ಈಶಾನ್ಯದ ದಿಗಂತದಲ್ಲಿ ಹುಬ್ಬಳ್ಳಿಯ ದೀಪಗಳ ಮಬ್ಬೊಂದನ್ನು ಬಿಟ್ಟರೆ ರಾತ್ರಿ ಇನ್ನೂ ರಾತ್ರಿಯಾಗಿಯೇ ಇದೆ. ಸುಗ್ಗಿ ಮುಗಿದು ಬರಿದಾದ ಕಣದಲ್ಲಿ ಮೂರು ಕಾಲಿನ ಮೇಲೆ ಕ್ಯಾಮೆರಾ ನಿಲ್ಲಿಸಿದರೆ ಬೇರೊಂದು ವೇಧಶಾಲೆ ನನಗೆ ಬೇಡ.

ಈ ಕೆಲಸಕ್ಕೆ ದೊಡ್ಡ ದೂರದರ್ಶಕವೂ ಬೇಡವೆಂದರೆ ಹಲವರಿಗೆ ಸೋಜಿಗವಾಗುತ್ತದೆ. ದೂರದರ್ಶಕದ ನೋಟ ಕಿರಿದು. ಓಡುವ ವಸ್ತುವನ್ನು ಅದರಲ್ಲಿ ಹಿಡಿಯುವುದು ಸೂಜಿಯ ಕಣ್ಣಿನಲ್ಲಿ ಗುಬ್ಬಿಯನ್ನು ಹುಡುಕಿದಂತೆ. ಬೇಕಾದುದು ತೀರ ಮಂದ ಬೆಳಕಿನಲ್ಲಿಯೂ ಕಾಣಬಲ್ಲ ವಿಡಿಯೋ ಕ್ಯಾಮೆರಾ, ಅದರ ಮುಂದೆ ಬಾಯಿ ಅಗಲವಾದ ಒಂದು ಮಸೂರ. ಗೋದಾಮು, ಕಾರ್ಖಾನೆಗಳ ರಾತ್ರಿ ಕಾವಲಿಗೆಂದು ಬಳಸುವ ಇಂಥ ಕ್ಯಾಮೆರಾಗಳಲ್ಲಿ ಜಪಾನಿನ ವಾಟೆಕ್ ಸಂಸ್ಥೆಯವು ಹವ್ಯಾಸಿಗಳಲ್ಲಿ ಬಹುಕಾಲದಿಂದ ಹೆಸರಾಗಿವೆ. ಕಳ್ಳನನ್ನು ಹಿಡಿಯಲು ಹುಟ್ಟಿದ ಕಣ್ಣು ಬೇಹುಗಾರನನ್ನು ಹಿಡಿಯಲಿಕ್ಕೂ ಒದಗಿತು! ಹಳೆಯ ಫಿಲ್ಮ್ ಕ್ಯಾಮೆರಾದ 50 ಮಿಲಿಮೀಟರಿನ ಮಸೂರವನ್ನು ಇದಕ್ಕೆ ಕೂಡಿಸಿದರೆ ಆಕಾಶದ ಸುಮಾರು ಏಳು ಡಿಗ್ರಿ ಅಗಲದ ತುಂಡು ಕಾಣುತ್ತದೆ. 500 ಕಿಲೋಮೀಟರ್ ಎತ್ತರದಲ್ಲಿ ನೆತ್ತಿಯ ಮೇಲೆ ಹಾಯುವ ಉಪಗ್ರಹವು ಆ ತುಂಡನ್ನು ಎಂಟೇ ಸೆಕೆಂಡಿನಲ್ಲಿ ದಾಟಿಬಿಡುತ್ತದೆ.

ಆ ಎಂಟು ಸೆಕೆಂಡುಗಳೇ ಬಂಡವಾಳ. ಚಿತ್ರದ ಹಿನ್ನೆಲೆಯಲ್ಲಿ ನಕ್ಷತ್ರಗಳಿವೆ. ಅವುಗಳ ಸ್ಥಾನವನ್ನು ಯುರೋಪಿನ ಗಾಯಾ ನೌಕೆಯು ನಾವು ಎಣಿಸಲಾರದಷ್ಟು ಸೂಕ್ಷ್ಮವಾಗಿ ಅಳೆದಿದೆ. ದಾರಿಯ ಮೈಲಿಗಲ್ಲುಗಳ ನಡುವೆ ಬಂಡಿ ಎಲ್ಲಿದೆಯೆಂದು ಹೇಳುವಂತೆ, ಈ ನಕ್ಷತ್ರಗಳ ನಡುವೆ ಚುಕ್ಕೆ ಎಲ್ಲಿದೆಯೆಂದು ಗಣಕಯಂತ್ರ ಲೆಕ್ಕ ಹಾಕುತ್ತದೆ. ಆದರೆ 'ಎಲ್ಲಿ' ಎಂಬುದರ ಜೊತೆಗೆ 'ಯಾವಾಗ' ಎಂಬುದೂ ಬೇಕಷ್ಟೆ? ಉಪಗ್ರಹವು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ಓಡುತ್ತದೆ. ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅದು 300 ಮೀಟರು ಸರಿದಿರುತ್ತದೆ. ಆದುದರಿಂದ ಜಿಪಿಎಸ್‌ನಿಂದ ಪಡೆದ ಕಾಲವನ್ನು ಪ್ರತಿಯೊಂದು ಚಿತ್ರದ ಮೇಲೂ ಮುದ್ರಿಸಬೇಕಾಗುತ್ತದೆ. ಕಾಲವನ್ನು ತಿಳಿಸುವುದು ಉಪಗ್ರಹ, ಸಿಕ್ಕಿಬೀಳುವುದೂ ಉಪಗ್ರಹ!

ಹೀಗೆ ಕೆಲವು ಸಂಜೆಗಳ ಅಳತೆ ಕೂಡಿದರೆ ಕಕ್ಷೆ ಹೊರಬೀಳುತ್ತದೆ. ಅದನ್ನು ಬರೆಯುವ ರೂಢಿ ತಲಾ 69 ಅಕ್ಷರ-ಅಂಕಿಗಳ ಎರಡು ಸಾಲುಗಳಲ್ಲಿ. ಕಕ್ಷೆಯ ವಾಲು, ಅದರ ಚಪ್ಪಟೆತನ, ದಿನಕ್ಕೆ ಎಷ್ಟು ಪ್ರದಕ್ಷಿಣೆ, ಎಲ್ಲವೂ ಆ ಎರಡು ಸಾಲಿನಲ್ಲಿ ಅಡಕ. ಇದನ್ನು ನಾನು ಉಪಗ್ರಹದ ಜಾತಕವೆಂದು ಕರೆಯುತ್ತೇನೆ. ಒಂದೇ ವ್ಯತ್ಯಾಸವೆಂದರೆ, ಈ ಜಾತಕ ಹೇಳಿದ ಗಳಿಗೆಗೆ ಚುಕ್ಕೆ ಬರದಿದ್ದರೆ ಜೋಯಿಸನು ನೆಪ ಹೇಳಿ ಪಾರಾಗುವಂತಿಲ್ಲ.

ನಮ್ಮ ಸೀಮೆಯವರಿಗೆ ಒಂದು ತೊಡಕುಂಟು. ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ಕೆಳಗೆ ನಮಗೆ ಕತ್ತಲಾಗಿರಬೇಕು, ಮೇಲೆ ಅದಕ್ಕಿನ್ನೂ ಬಿಸಿಲು ಹತ್ತುತ್ತಿರಬೇಕು, ಆಗಲೇ ಅದು ಕಾಣುವುದು. 500 ಕಿಲೋಮೀಟರ್ ಎತ್ತರದ ಉಪಗ್ರಹವು ನೆತ್ತಿಯ ಮೇಲೆ ಕಾಣಬೇಕಾದರೆ ಸೂರ್ಯನು ದಿಗಂತದಿಂದ 22 ಡಿಗ್ರಿಗಿಂತ ಕೆಳಗೆ ಇಳಿದಿರಬಾರದು. ಭೂಮಧ್ಯರೇಖೆಯಿಂದ 15 ಡಿಗ್ರಿಯಷ್ಟೇ ಬಡಗಲಿಗಿರುವ ತಂಬೂರಿನಲ್ಲಿ ಸೂರ್ಯನು ಬಹುಮಟ್ಟಿಗೆ ನೆಟ್ಟಗೆ ಇಳಿಯುವನಾದ್ದರಿಂದ, ಮುಳುಗಿದ ಒಂದೂವರೆ ಗಂಟೆಯಲ್ಲಿ ಆಟ ಮುಗಿಯುತ್ತದೆ. ಮತ್ತೆ ಬೆಳಗಿನ ಜಾವ ಅಷ್ಟೇ ಹೊತ್ತು. ಹಾಲೆಂಡಿನ ಲೈಡನ್ ನಗರದಲ್ಲಾದರೋ ಜೂನ್ ತಿಂಗಳ ನಡುರಾತ್ರಿಯಲ್ಲಿಯೂ ಸೂರ್ಯ ಹದಿನೈದು ಡಿಗ್ರಿಯಷ್ಟೂ ಕೆಳಗಿಳಿಯುವುದಿಲ್ಲ. ಅಲ್ಲಿಯವರಿಗೆ ರಾತ್ರಿಯಿಡೀ ಜಾತ್ರೆ. ಅದೇ ಜೂನಿನಲ್ಲಿ ನಮಗೆ ಮುಂಗಾರಿನ ಮೋಡ. ಇದರಲ್ಲಿ ಅನ್ಯಾಯವೇನೂ ಇಲ್ಲ, ನಮಗೆ ಮಳೆಯೇ ಹೆಚ್ಚು ಬೇಕು.

ಹವ್ಯಾಸಿಗಳು ಈ ಕೆಲಸಕ್ಕೆ ಇಳಿದುದು ಹೊಸದಾಗಿ ಅಲ್ಲ. ಮೊದಲ ಉಪಗ್ರಹ ಹಾರುವ ಮುನ್ನವೇ, 1956ರಲ್ಲಿ, ಅಮೆರಿಕದ ಸ್ಮಿತ್‌ಸೋನಿಯನ್ ವೇಧಶಾಲೆಯ ಫ್ರೆಡ್ ವಿಪ್ಪಲ್ ಅವರು 'ಮೂನ್‌ವಾಚ್' ಎಂಬ ಸ್ವಯಂಸೇವಕರ ಪಡೆಯನ್ನು ಕಟ್ಟತೊಡಗಿದರು. ಶಾಲಾ ಮಕ್ಕಳು, ಉಪಾಧ್ಯಾಯರು, ಗೃಹಿಣಿಯರು ಪುಟ್ಟ ದುರ್ಬೀನುಗಳ ಮುಂದೆ ಸಾಲಾಗಿ ಕುಳಿತು ಆಕಾಶಕ್ಕೆ ನೋಟದ ಬೇಲಿ ಹಾಕುತ್ತಿದ್ದರು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದಾಗ ಬರಿಗಣ್ಣಿಗೆ ಕಂಡುದು ಬಹುತೇಕ ಅದನ್ನು ಹೊತ್ತೊಯ್ದ ರಾಕೆಟ್ಟಿನ ಒಡಲು. 58 ಸೆಂಟಿಮೀಟರಿನ ಗೋಳ ಅಷ್ಟು ಸುಲಭವಾಗಿ ಕಾಣುವಂಥದಲ್ಲ. ಆ ಕಾಲದಲ್ಲಿ ನಿಖರವಾದ ಅಳತೆಗೆಂದು ಜಗತ್ತಿನ 12 ಕಡೆಗಳಲ್ಲಿ ಬೇಕರ್-ನನ್ ಎಂಬ ಭಾರಿ ಕ್ಯಾಮೆರಾಗಳನ್ನು ನಿಲ್ಲಿಸಿದರು. ಅವುಗಳಲ್ಲೊಂದು ನಮ್ಮ ನೈನಿತಾಲದಲ್ಲಿತ್ತು. ಟನ್ನುಗಟ್ಟಲೆ ತೂಗುತ್ತಿದ್ದ ಆ ಯಂತ್ರದ ಕೆಲಸದಲ್ಲಿ ಒಂದು ಪಾಲನ್ನು ಇಂದು ಕೈಚೀಲದಲ್ಲಿ ಹಿಡಿಸುವ ಕ್ಯಾಮೆರಾ ಮಾಡುತ್ತದೆ.

ಮೂನ್‌ವಾಚ್ ಮುಗಿದುದು 1975ರಲ್ಲಿ. ಅದೇ ವರ್ಷದ ಏಪ್ರಿಲ್ 19ರಂದು ನಮ್ಮ 'ಆರ್ಯಭಟ' ಸೋವಿಯತ್ ನೆಲದಿಂದ ಹಾರಿತು. ಉಡುಪಿಯ ಸಮೀಪದ ಅದಮಾರಿನವರಾದ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ, ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಸಿದ್ಧವಾದ 360 ಕಿಲೋ ತೂಕದ ಉಪಗ್ರಹವದು. ಕೆಲವೇ ದಿನಗಳಲ್ಲಿ ವಿದ್ಯುತ್ತಿನ ತೊಂದರೆಯಿಂದ ಅದರ ಪ್ರಯೋಗಗಳು ನಿಂತವು. ಒಡಲು ಮಾತ್ರ 1992ರವರೆಗೂ ಭೂಮಿಯನ್ನು ಸುತ್ತುತ್ತಲೇ ಇದ್ದಿತು. ಸತ್ತ ಮೇಲೂ ಲೆಕ್ಕದಲ್ಲಿ ಉಳಿಯುವುದು ಉಪಗ್ರಹಗಳ ಸ್ವಭಾವ.

ಆದರೆ ಎಲ್ಲವೂ ಲೆಕ್ಕದಲ್ಲಿ ಕಾಣುವುದಿಲ್ಲ. ಅಮೆರಿಕದ ಸೇನೆ ಸಾವಿರಾರು ವಸ್ತುಗಳ ಜಾತಕವನ್ನು ಪ್ರಕಟಿಸುತ್ತದೆ. ತನ್ನ ಗುಪ್ತ ಉಪಗ್ರಹಗಳ ಸಾಲುಗಳನ್ನು ಖಾಲಿ ಬಿಡುತ್ತದೆ. ಆ ಖಾಲಿ ಸಾಲುಗಳನ್ನು ತುಂಬುವವರು ಹವ್ಯಾಸಿಗಳು. 2010ರ ಏಪ್ರಿಲ್‌ನಲ್ಲಿ ಹಾರಿದ ಎಕ್ಸ್-37ಬಿ ಎಂಬ ಗುಪ್ತ ವಿಮಾನವನ್ನು ಕೆನಡಾದ ಟೆಡ್ ಮೋಲ್‌ಝಾನ್ ಮತ್ತು ಅವರ ಸಂಗಡಿಗರು ಮರುತಿಂಗಳೇ ಪತ್ತೆಹಚ್ಚಿದರು. ಇದು ದ್ರೋಹವಲ್ಲವೆ ಎಂದು ಕೇಳುವವರಿದ್ದಾರೆ. ನನಗೆ ಹಾಗನಿಸದು. ಕಣದಲ್ಲಿ ನಿಂತವನಿಗೆ ಕಾಣುವ ಚುಕ್ಕೆ, ನೂರು ಪಾಲು ದೊಡ್ಡ ಕಣ್ಣುಳ್ಳ ವೈರಿರಾಷ್ಟ್ರಕ್ಕೆ ಕಾಣದೆ ಇದ್ದೀತೆ? ಇಂಥ ಗುಟ್ಟು ಮುಚ್ಚಿಡುವುದು ಸಾಮಾನ್ಯ ಪ್ರಜೆಯಿಂದಷ್ಟೆ.

ಈ ಮಾತು ನಮ್ಮ ಮನೆಯ ಬಾಗಿಲಿಗೂ ಬಂದಿತು. 2019ರ ಮಾರ್ಚ್ 27ರಂದು ಭಾರತವು ಮೈಕ್ರೋಸ್ಯಾಟ್-ಆರ್ ಎಂಬ ತನ್ನದೇ ಉಪಗ್ರಹವನ್ನು 280 ಕಿಲೋಮೀಟರಿನ ಆಸುಪಾಸಿನಲ್ಲಿ ಕ್ಷಿಪಣಿಯಿಂದ ಹೊಡೆದು ಒಡೆಯಿತು. ಚೂರುಗಳೆಲ್ಲ ಕೆಲವೇ ವಾರಗಳಲ್ಲಿ ಉರಿದು ಹೋಗುತ್ತವೆಂದು ಸರಕಾರ ಹೇಳಿತು. ಲೈಡನ್ನಿನ ಮಾರ್ಕೊ ಲಾಂಗ್‌ಬ್ರೂಕ್ ಎಂಬವರು, ಮೂಲತಃ ಪ್ರಾಕ್ತನಶಾಸ್ತ್ರ ಓದಿದವರು, ಇಂಥದೇ ಮಂದಬೆಳಕಿನ ಕ್ಯಾಮೆರಾದಿಂದ ವರ್ಷಗಳ ಕಾಲ ಬೇಹು ಉಪಗ್ರಹಗಳನ್ನು ಹಿಂಬಾಲಿಸಿದವರು. ಅವರು ಪ್ರಕಟವಾಗಿದ್ದ ವಿಡಿಯೋ ಮತ್ತು ಕಕ್ಷೆಯ ಲೆಕ್ಕಗಳನ್ನು ಕೂಡಿಸಿ, ಹೊಡೆತ ಮೇಲ್ಮುಖವಾಗಿತ್ತೆಂದೂ ಹಲವು ಚೂರುಗಳು ಎತ್ತರಕ್ಕೆ ಚಿಮ್ಮಿವೆಯೆಂದೂ ತೋರಿಸಿದರು. ವರ್ಷ ಕಳೆದ ಮೇಲೂ ಕೆಲವು ಚೂರು ಸುತ್ತುತ್ತಲೇ ಇದ್ದವು. ನಮ್ಮ ವಿಜ್ಞಾನಿಗಳ ಕೌಶಲಕ್ಕೆ ಹೆಮ್ಮೆಪಡುವುದು ಬೇರೆ, ಅವರ ಲೆಕ್ಕವನ್ನು ಇನ್ನೊಬ್ಬ ತಾಳೆ ನೋಡುವುದು ಬೇರೆ, ಎರಡಕ್ಕೂ ವಿರೋಧವಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ, ಹಾರಿದ ಮರುದಿನವೇ, ಸ್ಟಾರ್‌ಲಿಂಕ್ ಉಪಗ್ರಹಗಳ ದೀಪಮಾಲೆಯನ್ನು ಚಿತ್ರಿಸಿ ಜಗತ್ತಿಗೆ ತೋರಿಸಿದವರೂ ಇವರೇ.

ಅಂಥದೊಂದು ದೀಪಮಾಲೆ ತಂಬೂರಿನ ಮೇಲೆ ಹಾಯ್ದ ಸಂಜೆ ಕಣದ ಬಳಿ ನಾಲ್ಕು ಜನ ಕೂಡಿದ್ದರು. ನಾನು ತಿಳಿಸಿ ಹೇಳಿದುದನ್ನೆಲ್ಲ ಕೇಳಿಕೊಂಡ ಹಿರಿಯ ರೈತರೊಬ್ಬರು ಕೊನೆಗೆ ಒಂದೇ ಮಾತು ಕೇಳಿದರು: "ಅಲ್ರೀ ಮಾಸ್ತರ್ರ, ಅದು ಹರದು ನಮ್ಮ ಹೊಲದಾಗ ಬಿದ್ರ, ಯಾರ ಬಾಗಲಾ ಬಡೀಬೇಕ್ರಿ ನಾವು?"

ವಿದ್ಯಾವಂತರ ಸಭೆಗಳಲ್ಲಿ ಈ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಅದು ಕಲ್ಪನೆಯ ಪ್ರಶ್ನೆಯೂ ಅಲ್ಲ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಆಕಾಶದಲ್ಲಿ ಉರಿಯುವ ಗೆರೆಗಳು ಕಂಡವು. ಚಂದ್ರಪುರ ಜಿಲ್ಲೆಯ ಲಾಡಬೋರಿ ಎಂಬ ಹಳ್ಳಿಯಲ್ಲಿ ಮೂರು ಮೀಟರಿನಷ್ಟು ಅಗಲದ ಲೋಹದ ಬಳೆಯೊಂದು ಬಿದ್ದಿತು. ಸುತ್ತಲಿನ ಊರುಗಳಲ್ಲಿ ಲೋಹದ ಗೋಳಗಳು ಸಿಕ್ಕವು. ಕಕ್ಷೆಗಳ ಲೆಕ್ಕವನ್ನು ಸ್ವಂತ ಆಸಕ್ತಿಯಿಂದ ಇಡುತ್ತ ಬಂದ ಖಗೋಲಜ್ಞ ಜೊನಾಥನ್ ಮ್ಯಾಕ್‌ಡವೆಲ್ ಅವರು, ಅದು 2021ರ ಫೆಬ್ರವರಿಯಲ್ಲಿ ಹಾರಿದ ಚೀನದ ರಾಕೆಟ್ಟಿನ ಮೂರನೆಯ ಹಂತವಿರಬೇಕೆಂದು ಗುರುತಿಸಿದರು. ಇದಕ್ಕೆ ಅರವತ್ತು ವರ್ಷ ಹಿಂದೆ, 1962ರ ಸೆಪ್ಟೆಂಬರ್ 5ರಂದು, ಅಮೆರಿಕದ ಮ್ಯಾನಿಟೊವಾಕ್ ಊರಿನ ಬೀದಿಯಲ್ಲಿ ಒಂಬತ್ತು ಕಿಲೋ ತೂಕದ ಲೋಹದ ತುಂಡು ಬಿದ್ದಿತ್ತು. ಅದು ಸೋವಿಯತ್ ಉಪಗ್ರಹವೊಂದರ ಚೂರು. ಆ ಉಪಗ್ರಹ ಉರಿದು ಬೀಳುವುದನ್ನು ಮಿಲ್ವಾಕೀಯ ಮೂನ್‌ವಾಚ್ ಹವ್ಯಾಸಿಗಳು ಕಾದು ನೋಡಿದ್ದರು.

ನಾನು ಆ ಹಿರಿಯರಿಗೆ ಕೊಟ್ಟ ಉತ್ತರ ಇಷ್ಟು: 1972ರ ಅಂತರರಾಷ್ಟ್ರೀಯ ಒಪ್ಪಂದದಂತೆ ನೆಲದ ಮೇಲಾದ ಹಾನಿಗೆ ಹಾರಿಸಿದ ದೇಶವೇ ಹೊಣೆ. 1978ರ ಜನವರಿಯಲ್ಲಿ ಸೋವಿಯತ್ತಿನ ಕಾಸ್ಮೋಸ್-954 ಅಣುಶಕ್ತಿಯ ಒಲೆಯ ಸಮೇತ ಕೆನಡಾದ ಮೇಲೆ ಚೆದುರಿ ಬಿದ್ದಾಗ, 1981ರಲ್ಲಿ 30 ಲಕ್ಷ ಕೆನಡಾ ಡಾಲರು ಕೊಡಲು ಅದು ಒಪ್ಪಬೇಕಾಯಿತು. "ಹಂಗಂದ್ರ ಮದಲ ಅದು ಯಾರದಂತ ಗೊತ್ತಾಗಬೇಕಲ್ರೀ" ಎಂದರು ಅವರು. ಗೊತ್ತಾಗಬೇಕು, ನಿಜ. ಬಿದ್ದ ಬಳೆಗೆ ಹೆಸರು ಕೊಡುವುದು ಆ ಎರಡು ಸಾಲಿನ ಜಾತಕವೇ. ಅದು ಯಾರದೋ ಒಬ್ಬರ ಕೈಯಲ್ಲಿಯೇ ಉಳಿದರೆ ಕೇಳುವವನು ಅವರ ಮರ್ಜಿ ಕಾಯಬೇಕಾಗುತ್ತದೆ. 'ನೇತ್ರ' ಎಂಬ ಯೋಜನೆಯ ನಿಯಂತ್ರಣ ಕೇಂದ್ರವನ್ನು ಇಸ್ರೋ 2020ರ ಡಿಸೆಂಬರಿನಲ್ಲಿ ಪೀಣ್ಯದಲ್ಲಿ, ಆರ್ಯಭಟ ಸಿದ್ಧವಾದ ಅದೇ ಬಡಾವಣೆಯಲ್ಲಿ, ತೆರೆಯಿತು. ನಮ್ಮ ಲೆಕ್ಕವನ್ನು ನಾವೇ ಇಡುವ ಆ ಯತ್ನ ಸ್ವಾಗತಾರ್ಹ. ಅದರ ಪಕ್ಕದಲ್ಲಿ ನಾಲ್ಕಾರು ಶಾಲೆಗಳ ಅಂಗಳಗಳೂ ಇದ್ದರೆ ಇನ್ನೂ ಒಳ್ಳೆಯದು.

ಇದರಲ್ಲಿ ಮನಸ್ಸುಳ್ಳ ಉಪಾಧ್ಯಾಯ ಮಿತ್ರರು ಮೊದಲಿಗೇ ಕ್ಯಾಮೆರಾ ಕೊಳ್ಳಬೇಕಾಗಿಲ್ಲ. ದೀಪಾವಳಿ ಕಳೆದು ಆಕಾಶ ತೊಳೆದಂತಾದಾಗ ಮಕ್ಕಳನ್ನು ಬಯಲಿಗೆ ಕರೆದೊಯ್ದು, ಸೂರ್ಯ ಮುಳುಗಿದ ಮುಕ್ಕಾಲು ಗಂಟೆಗೆ ಪಡುವಲ ಕಡೆಯಿಂದ ಏಳುವ ಚುಕ್ಕೆಗಳನ್ನು ಕಾಯಲಿ. ಯಾವ ನಕ್ಷತ್ರದ ಬಳಿ ಹಾಯ್ದಿತು, ಎಲ್ಲಿ ಭೂಮಿಯ ನೆರಳು ಹೊಕ್ಕು ಮಾಯವಾಯಿತು ಎಂಬುದನ್ನು ವಹಿಯಲ್ಲಿ ಬರೆಸಲಿ. ಅದಕ್ಕೂ ಮುಂಚೆ ಕೈಗಡಿಯಾರವನ್ನು ಸೆಕೆಂಡಿಗೆ ಸರಿಯಾಗಿ ಹೊಂದಿಸಿಕೊಳ್ಳಲಿ.