ಹಾಸ್ಟೆಲ್ ಕಪಾಟಿಗೊಂದು ಪಟ್ಟಿ

ದಲಿತ ಸಾಹಿತ್ಯವನ್ನು ತರಗತಿಗೆ ತರುವಾಗ ಯಾವ ಪುಸ್ತಕ ಎಂಬ ಪ್ರಶ್ನೆಯಷ್ಟೇ ಯಾವ ಪುಟ ಎಂಬ ಪ್ರಶ್ನೆಯೂ ಮುಖ್ಯ ಅಂತ ನನಗೆ ಮೊದಲು ಹೊಳೆದಿರಲಿಲ್ಲ. ಎಂ.ಎ.ಯಲ್ಲಿ ನಾವು ಕಲಿತದ್ದು ಕೃತಿಯ ಆಶಯ, ಸಂವೇದನೆ, ಭಾಷೆಯ ಬಂಡಾಯ ಇಂಥವನ್ನು. ಎದುರಿಗೆ ಕೂತು ಕೇಳುವವರು ಯಾರು, ಅವರ ಪಕ್ಕ ಕೂತವರು ಯಾರು ಎನ್ನುವುದು ಅಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ.

ನಾನು ನಂಜನಗೂಡು ಕಡೆಯ ಕೇರಿಯವನು. ಪಾಠ ಮಾಡುವುದು ವಿಜಯಪುರ ಜಿಲ್ಲೆಯ ಒಂದು ಕಾಲೇಜಿನಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಒಂದು ಭಾಗವನ್ನು ಬಿ.ಎ. ಮೊದಲ ವರ್ಷದವರಿಗೆ ಜೋರಾಗಿ ಓದಿದೆ. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಮೂರನೆಯವನು ಹೊಲ ಉಳುತ್ತಿರುತ್ತಾನೆ. ನೊಗ ಹೊತ್ತವರಲ್ಲಿ ಒಬ್ಬ, ನೋಡುತ್ತಿರುವ ಹುಡುಗನ ಅಪ್ಪ. ಓದುವಾಗ ನನ್ನ ಗಂಟಲೇ ಕಟ್ಟಿತು. ಪಾಠ ಚೆನ್ನಾಗಿ ಆಯಿತು ಅಂದುಕೊಂಡೆ. ಮಾರನೆಯ ದಿನದಿಂದ ಮೂರನೆಯ ಬೆಂಚಿನ ಹುಡುಗನೊಬ್ಬ ಬರಲಿಲ್ಲ. ನಾಲ್ಕು ದಿನದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಒತ್ತಾಯ ಮಾಡಿ ಕೇಳಿದ್ದಕ್ಕೆ ಹೇಳಿದ: "ಬರದದ್ದೆಲ್ಲಾ ಖರೇನ ಐತ್ರಿ ಸರ್. ಆದ್ರ ನೀವು ಓದೂ ಮುಂದ ಎಲ್ಲಾರೂ ಹೊಳ್ಳಿ ನನ್ನ ಕಡೆ ನೋಡಿದ್ರು."

ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಯಾಕೆಂದರೆ ಇದೇ ನೋಟವನ್ನು ನಾನೂ ತಿಂದವನೇ. ನಮಗೆ 'ಚೋಮನ ದುಡಿ' ಪಠ್ಯವಾಗಿದ್ದಾಗ ಗೆಳೆಯರು ನನ್ನನ್ನು ಬಹಳ ಪ್ರೀತಿಯಿಂದಲೇ 'ಚೋಮ' ಅಂತ ಕರೆದರು. ಕಾರಂತರು 1933ರಲ್ಲಿ ಬರೆದ ಆ ಕಾದಂಬರಿ ದೊಡ್ಡದೇ, ಅದನ್ನು ಪಟ್ಟಿಯಿಂದ ಕಿತ್ತುಹಾಕಿ ಅಂತ ನಾನು ಹೇಳುವುದಿಲ್ಲ. ಆದರೆ ಬೇಸಾಯ ಮಾಡಬೇಕೆಂಬ ಒಂದೇ ಆಸೆ ಇಟ್ಟುಕೊಂಡ ಚೋಮ ಸೋತು, ದುಡಿ ಬಾರಿಸುತ್ತಲೇ ಸಾಯುತ್ತಾನೆ. ಓದಿದವನು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾನೆ. ಅನುಕಂಪ ಪಟ್ಟವನಿಗೆ ಅಲ್ಲಿಗೆ ಕೆಲಸ ಮುಗಿಯಿತು. ಕೇರಿಯಿಂದ ಬಂದ ಹುಡುಗನಿಗೆ ಮಾತ್ರ ಅದೇ ಬೆಂಚಿನಲ್ಲಿ ಇನ್ನೂ ಮೂರು ವರ್ಷ ಕೂರಬೇಕು.

ಆಮೇಲಿನಿಂದ ನಾನು ಮೊದಲು ಹಿಡಿಯುವುದು ಅಂಬೇಡ್ಕರರ 'ವೇಟಿಂಗ್ ಫಾರ್ ಎ ವೀಸಾ'ದ ಆರಂಭದ ಪ್ರಸಂಗವನ್ನು. ಅವರು ಅದನ್ನು ಬರೆದದ್ದು 1930ರ ದಶಕದಲ್ಲಿ, ಪುಸ್ತಕವಾಗಿ ಬಂದದ್ದು 1990ರಲ್ಲಿ. ಪ್ರಸಂಗ ನಡೆದದ್ದು 1901ರಲ್ಲಿ. ಒಂಬತ್ತು ವರ್ಷದ ಹುಡುಗ, ಜೊತೆಗೆ ಇನ್ನು ಕೆಲವು ಮಕ್ಕಳು, ಹೊಸ ಬಟ್ಟೆ ತೊಟ್ಟು ಸಾತಾರಾದಿಂದ ರೈಲು ಹತ್ತಿ ಅಪ್ಪನನ್ನು ನೋಡಲು ಹೊರಡುತ್ತಾರೆ. ಮಸೂರು ನಿಲ್ದಾಣದಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಉಡುಪು ನೋಡಿ ಬ್ರಾಹ್ಮಣರ ಮಕ್ಕಳೆಂದುಕೊಂಡ ಸ್ಟೇಷನ್ ಮಾಸ್ತರು ಮುತುವರ್ಜಿಯಿಂದಲೇ ವಿಚಾರಿಸುತ್ತಾರೆ. ಮಹಾರರು ಎಂಬ ಮಾತು ಮಗುವಿನ ಬಾಯಿಂದ ಬಿದ್ದ ಕೂಡಲೇ ಅವರ ಮುಖ ಬದಲಾಗುತ್ತದೆ. ಎತ್ತಿನ ಗಾಡಿಯವರು ಬರಲೊಲ್ಲರು. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇದ್ದರೂ ಕುಡಿಯಲು ನೀರಿಲ್ಲ.

ಇಲ್ಲಿ ನಾನು ಓದು ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತೇನೆ: ಮಾಸ್ತರಿಗೆ ಜಾತಿ ಕಣ್ಣಿಗೆ ಕಂಡಿತೇ, ಕಿವಿಗೆ ಕೇಳಿತೇ? ತರಗತಿ ಸ್ವಲ್ಪ ಹೊತ್ತು ಸುಮ್ಮನಾಗಿ ಆಮೇಲೆ ಗದ್ದಲವೋ ಗದ್ದಲ. ಆ ಗದ್ದಲದಲ್ಲಿ ಯಾರೂ ಮೂರನೆಯ ಬೆಂಚಿನ ಕಡೆ ತಿರುಗುವುದಿಲ್ಲ, ಎಲ್ಲರೂ ಸ್ಟೇಷನ್ ಮಾಸ್ತರನ್ನೇ ನೋಡುತ್ತಿರುತ್ತಾರೆ. ಅವನು ನಮ್ಮಪ್ಪನ ಹಾಗೇ ಇದ್ದಾನಲ್ಲ ಅಂತ ಯಾವನೋ ಒಬ್ಬನಿಗಾದರೂ ಅನ್ನಿಸುತ್ತದೆ. ಪಠ್ಯದ ಆಯ್ಕೆ ಎಂದರೆ ನನ್ನ ಮಟ್ಟಿಗೆ ಇಷ್ಟೇ. ನೋಟ ಯಾರ ಮೇಲೆ ಬೀಳುತ್ತದೆ?

'ಒಡಲಾಳ'ದ್ದು ಬೇರೆಯೇ ಪಾಡು. ನಮ್ಮ ಕಡೆಯ ಆಡುಮಾತು ಇಲ್ಲಿಯವರ ಕಿವಿಗೆ ಒಗ್ಗುವುದಿಲ್ಲ. ಮೌನವಾಗಿ ಓದಲು ಕೊಟ್ಟರೆ ಎರಡೇ ಪುಟಕ್ಕೆ ಮಡಚಿಡುತ್ತಾರೆ. ಬಾಯಿಬಿಟ್ಟು ಓದಬೇಕು. ಕದ್ದು ತಂದ ಕಡಲೆಕಾಯನ್ನು ಸಾಕವ್ವನ ಮನೆಮಂದಿಯೆಲ್ಲ ರಾತ್ರಿ ಕೂತು ತಿನ್ನುವ ಭಾಗ ಓದುತ್ತಿದ್ದಾಗ ಒಬ್ಬ ಕೈ ಎತ್ತಿ, "ಕಡಲೆಕಾಯಿ ಅಂದ್ರ ಶೇಂಗಾನೇನ್ರೀ ಸರ್?" ಅಂದ. ಹೌದು ಅಂದೆ. ಅಲ್ಲಿಂದ ಇಡೀ ತರಗತಿ ಆ ಮನೆಯೊಳಗೇ ಇತ್ತು. ಹಸಿವಿನ ಮನೆಯಲ್ಲಿ ಅಷ್ಟೊಂದು ಸಡಗರ ಇರುತ್ತದೆ ಎಂಬುದು ಕೆಲವರಿಗೆ ಹೊಸ ವಿಷಯ, ಕೇರಿಯ ಹುಡುಗರಿಗೆ ಗೊತ್ತಿದ್ದದ್ದೇ. ಅವತ್ತು ಅವರೇ ಮೇಷ್ಟ್ರಾದರು. 'ಊರುಕೇರಿ'ಯನ್ನೂ ನಾನು ಬಿಟ್ಟಿಲ್ಲ. ನಗಿಸುವ ಪುಟಗಳಿಂದ ಶುರುಮಾಡಿ ನೊಗದ ಪುಟಕ್ಕೆ ಕಡೆಯಲ್ಲಿ ಬರುತ್ತೇನೆ. ಅಷ್ಟು ಹೊತ್ತಿಗೆ ಆ ಹುಡುಗ ಬರೀ ಅನುಕಂಪದ ವಸ್ತುವಾಗಿ ಉಳಿದಿರುವುದಿಲ್ಲ.

ಪಠ್ಯವನ್ನು ನಿಗದಿ ಮಾಡುವವರು ನಾವಲ್ಲ, ನಿಜ. 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಇಂಗ್ಲಿಷ್ ಪಠ್ಯದಿಂದ ತಮಿಳಿನ ಬಾಮಾ ಮತ್ತು ಸುಕೀರ್ತರಾಣಿಯವರನ್ನು ಕೈಬಿಡಲಾಯಿತು. 2022ರಲ್ಲಿ ನಮ್ಮಲ್ಲಿ ಹತ್ತನೇ ತರಗತಿಯ ಪುಸ್ತಕದ ಪರಿಷ್ಕರಣೆಯನ್ನು ಒಪ್ಪದೆ ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟಿದ್ದ ಅನುಮತಿಯನ್ನೇ ಹಿಂದಕ್ಕೆ ಪಡೆದರು. ಅದು ದೊಡ್ಡ ಜಗಳ, ಆಗಲೇಬೇಕಾದದ್ದು. ಆದರೆ ಹಾಸ್ಟೆಲ್ ಕಪಾಟು ನಮ್ಮ ಕೈಯಲ್ಲೇ ಇದೆ. ಹೋದ ವರ್ಷ ವಾರ್ಡನ್ ಒಬ್ಬರು ಪುಸ್ತಕದ ಪಟ್ಟಿ ಕೇಳಿದರು. ಕಪಾಟಿನ ತುಂಬ ಎಫ್.ಡಿ.ಎ., ಪಿ.ಎಸ್.ಐ. ಗೈಡುಗಳು. ಅವನ್ನು ತೆಗೆಯಿರಿ ಅನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮ ಹುಡುಗರಿಗೆ ನೌಕರಿ ಬೇಕು, ನಾನೂ ಅಂಥ ಗೈಡು ಓದಿದವನೇ. ಗೈಡುಗಳ ಪಕ್ಕ ಜಾಗ ಮಾಡಿ ಅಂದೆ. ಅಂಬೇಡ್ಕರರ ಆ ಸಣ್ಣ ಪುಸ್ತಕ, 'ಊರುಕೇರಿ', 'ಒಡಲಾಳ', ಇದೇ ಸೀಮೆಯವರಾದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಅಂತ ಬರೆದುಕೊಟ್ಟೆ. ಯಾವುದೂ ದಪ್ಪ ಪುಸ್ತಕವಲ್ಲ. ಒಂದೊಂದರದ್ದೂ ಐದೈದು ಪ್ರತಿ ಕೊಳ್ಳಿ ಅಂತಲೂ ಹೇಳಿದೆ. ಒಂದೇ ಪ್ರತಿ ಇದ್ದರೆ ಅದು ಬೀಗದೊಳಗೇ ಉಳಿಯುತ್ತದೆ, ಐದಿದ್ದರೆ ಒಂದಾದರೂ ದಿಂಬಿನ ಕೆಳಗೆ ಹೋಗುತ್ತದೆ.

ಪಟ್ಟಿಯನ್ನು ತರಗತಿಯಲ್ಲೂ ಓದಿದೆ. ಹಿಂದಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಇದ್ರಾಗ ಹೆಣ್ಮಕ್ಕಳು ಬರದದ್ದು ಒಂದೂ ಇಲ್ಲಲ್ರೀ ಸರ್?" ಬಾಮಾ ಅವರ 'ಕರುಕ್ಕು' 1992ರಲ್ಲೇ ಬಂದಿದೆ, ನಮ್ಮಲ್ಲಿ ದು. ಸರಸ್ವತಿಯವರಿದ್ದಾರೆ, ಇಷ್ಟು ಗೊತ್ತಿದ್ದೂ ಬರೆಯುವಾಗ ನನ್ನ ಕೈ ಅತ್ತ ಹೋಗಿರಲಿಲ್ಲ. ಪಟ್ಟಿ ಆಗಲೇ ವಾರ್ಡನ್ ಹತ್ತಿರ ಹೋಗಿಬಿಟ್ಟಿತ್ತು. ಸಂಜೆ ಹೋಗಿ ಅದನ್ನು ವಾಪಸ್ ತೆಗೆದುಕೊಂಡು ಬಂದೆ.